ಬಾಗಿಲಲ್ಲಿ ನಿಂತ ಅವ್ವ

ಮಲಪ್ರಭೆಯ ದಂಡೆಯ ಮೇಲೆ ಬಸವಂತಪ್ಪ ಎಂಬ ಗುರುಗಳಿದ್ದರು. ಒಂದೇ ಫೋಟೊದ ಹಲವು ಪ್ರತಿ ತೆಗೆಸಿ, ಅದರೊಳಗಿನ ಜನ, ಗಿಡ, ಗೋಡೆಗಳನ್ನು ಬೇರೆಬೇರೆಯಾಗಿ ಕತ್ತರಿಸಿ, ನಡುವೆ ರಟ್ಟಿನ ಚೂರುಗಳನ್ನು ಇಟ್ಟು ಒಂದರ ಮುಂದೊಂದು ಪದರವಾಗಿ ಅಂಟಿಸುತ್ತಿದ್ದರು. ಚಪ್ಪಟೆ ಚಿತ್ರ ಎದ್ದು ನಿಲ್ಲುತ್ತಿತ್ತು.

ವಾರಿಜಾ ಅವರ ಬಳಿ ಆ ಕೆಲಸ ಕಲಿಯುತ್ತಿದ್ದಳು.

ಒಮ್ಮೆ ದೇವಕ್ಕ ಎಂಬಾಕೆ ತನ್ನ ಮದುವೆಯ ಫೋಟೊ ತಂದಳು. ಅಂಗಳದ ತುಂಬ ನೆಂಟರು. ಹಿಂದೆ, ಬಾಗಿಲಲ್ಲಿ, ಅವಳ ತಾಯಿ. ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು.

“ಅವ್ವಂದು ಇದೊಂದ ಫೋಟೊ ಇರೋದು,” ಎಂದಳು. “ಆಕೀನ್ನ ಮುಂದಕ್ಕ ತರ್ರಿ.”

ಗುರುಗಳು ಕೆಲಸವನ್ನು ವಾರಿಜಾಳಿಗೆ ಒಪ್ಪಿಸಿದರು.

ವಾರಿಜಾ ಮನಸ್ಸಿಟ್ಟು ಕತ್ತರಿಸಿದಳು. ಆದರೆ ತಾಯಿಯ ಮುಖ ಮಸುಕಾಗಿತ್ತು. ಕ್ಲಿಕ್ಕಿಸುವ ಹೊತ್ತಿಗೆ ಆಕೆ ಅಲುಗಾಡಿದ್ದಳು. ಹೀಗೇ ಕೊಡಲು ವಾರಿಜಾಳಿಗೆ ಮನಸ್ಸಾಗಲಿಲ್ಲ. ದೇವಕ್ಕನ ಮುಖವನ್ನೇ ನೆನೆದು, ಸಣ್ಣ ಕುಂಚದಿಂದ ಕಣ್ಣು, ಮೂಗು, ತುಟಿ ತಿದ್ದಿ ಎಲ್ಲರಿಗಿಂತ ಮುಂದೆ ನಿಲ್ಲಿಸಿದಳು.

ಗುರುಗಳು ನೋಡಿದರು. ಉಳಿದಿದ್ದ ಒಂದು ಪ್ರತಿಯನ್ನು ಎತ್ತಿಟ್ಟರು.

ದೇವಕ್ಕ ಬಂದು ಬಹಳ ಹೊತ್ತು ನೋಡಿದಳು. “ಭಾಳ ಚಂದ ಮಾಡೀಯವ್ವ,” ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು: “ಇವರು ಯಾರು?”

ವಾರಿಜಾ ತಲೆ ತಗ್ಗಿಸಿದಳು.

ಗುರುಗಳು ದೇವಕ್ಕನನ್ನು ಕೂರಿಸಿ, ನೀರು ಕೊಟ್ಟು, ಮದುವೆಯ ದಿನ ತಾಯಿ ಏನು ಮಾಡುತ್ತಿದ್ದಳೆಂದು ವಿಚಾರಿಸಿದರು. ಬೆಳಗಿನಿಂದ ಒಲೆಯ ಮುಂದೆಯೇ ಇದ್ದಳಂತೆ. ಫೋಟೊಕ್ಕೆ ಬಾ ಎಂದರೆ, ಸೀರೆಯೆಲ್ಲ ಮಸಿಯಾಗಿದೆ ಎಂದು ಬಾಗಿಲಲ್ಲೇ ನಿಂತಳಂತೆ.

“ನಾನು ಅವ್ವಾ ಅಂತ ಕೂಗಿದೆ,” ಎಂದಳು ದೇವಕ್ಕ. “ನನ್ನ ಕಡೆ ತಿರುಗಿದ್ಲು. ಆಗ ಕ್ಲಿಕ್ ಅಂತು.”

ಗುರುಗಳು ಬಣ್ಣದ ಮುಖದ ಪದರವನ್ನು ಬಿಡಿಸಿದರು. ಉಳಿದಿದ್ದ ಇನ್ನೊಂದು ಪ್ರತಿಯಿಂದ ತಾಯಿಯನ್ನು ಕತ್ತರಿಸಿ, ಮಸುಕನ್ನು ಮಸುಕಾಗಿಯೇ ಬಿಟ್ಟು, ಎಲ್ಲರ ಮುಂದೆ ಅದೇ ಜಾಗದಲ್ಲಿ ನಿಲ್ಲಿಸಿದರು.

ದೇವಕ್ಕ ಬೆರಳಿನಿಂದ ಆ ಕೆನ್ನೆ ಮುಟ್ಟಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಚಿತ್ರವನ್ನು ಎದೆಗವಚಿಕೊಂಡು ಹೊರಟಳು.

ಅವಳು ದಂಡೆ ದಾಟುವವರೆಗೂ ವಾರಿಜಾ ನೋಡುತ್ತ ನಿಂತಿದ್ದಳು.

“ಗುರುಗಳೇ, ಅದರಾಗ ಮುಖಾನ ಇರಲಿಲ್ಲ. ಆಕಿ ಹೆಂಗ ಗುರುತು ಹಿಡಿದ್ಲು?”

ಗುರುಗಳು ಕಾಗದದ ಚೂರುಗಳನ್ನು ಬಳಿದು ಒಂದೆಡೆ ಮಾಡಿದರು.

“ಮುಖ ಆಕೀನೇ ತಂದಿದ್ಲು, ವಾರಿಜಾ. ನಾವು ಅದಕ್ಕ ಜಾಗ ಬಿಡಬೇಕಾಗಿತ್ತು.”