ಸುಟ್ಟಗಾಯದ ಮಕ್ಕಳ ಮನೆ

ಗುರುಪಾದಜ್ಜನವರ ಮಠ ಹೊಳೆಯ ದಂಡೆಗೇ ಇತ್ತು. ದೊಡ್ಡ ಮಠವೇನಲ್ಲ. ಒಂದು ಗದ್ದುಗೆ, ಒಂದು ಪಡಸಾಲೆ, ನಾಲ್ಕು ಕೋಣೆ, ಬಂದವರಿಗೆ ಎರಡು ಹೊತ್ತಿನ ಊಟ.

ಕಲಾವತಿ ಆ ಮಠದ ಶಿಷ್ಯೆ. ಎಂಟು ವರ್ಷ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ, ಸುಟ್ಟಗಾಯದ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಗಂಡ ತೀರಿಕೊಂಡ ಮೇಲೆ ಕೆಲಸ ಬಿಟ್ಟು ಅಜ್ಜಾರ ಪಾದ ಹಿಡಿದಿದ್ದಳು.

ಒಂದು ಮುಂಜಾನೆ ಅವಳು ಒಂದು ನೋಟ್‌ಬುಕ್ ಹಿಡಿದುಕೊಂಡು ಅಜ್ಜಾರ ಮುಂದೆ ಬಂದು ಕೂತಳು.

"ಅಜ್ಜಾರ, ಮಠದ ಹೆಸರಿನ್ಯಾಗ ಒಂದು ಸೇವಾಸಂಸ್ಥೆ ಸುರು ಮಾಡಬೇಕಂತ ಮಾಡೀನ್ರಿ. ಸುಟ್ಟಗಾಯ ಆದ ಮಕ್ಕಳ ಸಲುವಾಗಿ."

"ಅದಕ್ಕ ಆಸ್ಪತ್ರಿ ಇಲ್ಲೇನವ್ವಾ?"

"ಆಸ್ಪತ್ರಿ ಜೀವಾ ಉಳಸ್ತೈತ್ರಿ. ಆಮ್ಯಾಲೆ ಮನಿಗೆ ಕಳಸ್ತಾರ. ಮನ್ಯಾಗ ಚರ್ಮ ಬಿಗದು ಬೆರಳು ಮಡಚಿಕೋತಾವ. ಕುತ್ತಿಗಿ ಎದಿಗೆ ಅಂಟಿಕೋತೈತಿ. ದಿನಾ ಎಣ್ಣಿ ತಿಕ್ಕಿ, ಎಳದು ರೂಢಿ ಮಾಡಿಸಿದ್ರ ಎಷ್ಟೋ ಮಕ್ಕಳು ಸುಧಾರಸ್ತಾವ. ಮಾಡಸೋರಿಲ್ಲ. ಕೋಣ್ಯಾಗ ಕೂಡಿಸಿ ಬಿಡ್ತಾರ."

ಅವಳು ನೋಟ್‌ಬುಕ್ ತೆರೆದು ಓದಿದಳು. ಸಂಸ್ಥೆಯ ಉದ್ದೇಶ, ಸಮಿತಿ, ನಿಯಮಗಳು, ಮುಂಜಾನೆ ಸಂಜೆ ಮಕ್ಕಳಿಂದ ಪ್ರಾರ್ಥನೆ. ಎಲ್ಲವನ್ನೂ ಅಂದವಾಗಿ ಬರೆದಿದ್ದಳು.

ಅಜ್ಜಾರು ಕಣ್ಣುಮುಚ್ಚಿ ಕೇಳಿದರು.

"ಭಾಳ ಚಲೋ ಐತಿ. ಯಾವ ಕೂಸಿನ ಸಲುವಾಗಿ?"

"ಎಲ್ಲಾ ಮಕ್ಕಳ ಸಲುವಾಗ್ರಿ."

"ಎಲ್ಲಾ ಅನ್ನೋ ಹೆಸರಿನ ಕೂಸನ್ನ ನಾ ಎಂದೂ ಎತ್ತಿಕೊಂಡಿಲ್ಲವ್ವಾ. ಒಂದು ಹೆಸರು ಹೇಳು."

ಕಲಾವತಿ ಬಾಯಿ ತೆರೆದಳು. ಎಂಟು ವರ್ಷ, ನೂರಾರು ಮಕ್ಕಳು. ನೆನಪಾದದ್ದು ಏಳನೇ ಮಂಚದ ಹುಡುಗಿ. ಕಿಟಕಿ ಹತ್ತಿರದ ಹುಡುಗ. ಪಟಾಕಿ ಸಿಡಿದ ಕೇಸು. ಒಂದು ಹೆಸರೂ ನಾಲಿಗೆಗೆ ಬರಲಿಲ್ಲ.



"ಹೋಗು," ಎಂದರು ಅಜ್ಜಾರು. "ಒಂದು ಹೆಸರು ತಗೊಂಡು ಬಾ. ಪುಸ್ತಕ ಇಲ್ಲೇ ಇರಲಿ."

ಕಲಾವತಿ ಹೊಳೆ ದಾಟಿ ಕಬ್ಬಿನ ಸೀಮೆಯ ಹಳ್ಳಿಗಳಿಗೆ ಹೋದಳು. ನಾಲ್ಕು ದಿನ ತಿರುಗಿದಳು. "ನಮ್ಮೂರಾಗ ಅಂಥಾ ಮಕ್ಕಳಿಲ್ಲ" ಎಂದೇ ಎಲ್ಲರೂ ಅಂದರು.

ಐದನೇ ದಿನ, ಬೆಲ್ಲ ಮಾಡುವ ಗಾಣದ ಮನೆಯ ಹತ್ತಿರ, ಹೊಳೆವ್ವ ಎಂಬ ಹೆಣ್ಣುಮಗಳು ಅವಳ ಮಾತು ಕೇಳಿ ತಲೆ ಮೇಲಿನ ಹೊರೆ ಇಳಿಸಿದಳು. ಆಮೇಲೆ ತನ್ನ ಗುಡಿಸಲಿಗೆ ಕರೆದುಕೊಂಡು ಹೋದಳು.

ಜೋಳದ ಚೀಲಗಳ ಹಿಂದೆ ಒಂಬತ್ತು ವರ್ಷದ ಹುಡುಗಿ ಕೂತಿದ್ದಳು. ಎರಡು ವರ್ಷದ ಹಿಂದೆ ಕೊಪ್ಪರಿಗೆಯಲ್ಲಿ ಕುದಿಯುತ್ತಿದ್ದ ಕಬ್ಬಿನ ಹಾಲು ಸಿಡಿದು ಮೈಮೇಲೆ ಬಿದ್ದಿತ್ತು. ಬಲಗೈ ಮುಷ್ಟಿಯಾಗಿ ಅಂಟಿಕೊಂಡಿತ್ತು. ಕುತ್ತಿಗೆ ಒಂದು ಕಡೆ ಜಗ್ಗಿ, ಗದ್ದ ಭುಜಕ್ಕೆ ತಾಗಿತ್ತು.

"ಸಾಲಿಗೆ ಹೋಗ್ತಾಳೇನು?"

"ಹುಡುಗರು ಹೆದರ್ತಾವಂತ ಬ್ಯಾಡ ಅಂದ್ರು, ಅಕ್ಕಾರ," ಎಂದಳು ಹೊಳೆವ್ವ.

ಕಲಾವತಿ ಚೀಲದ ಈಚೆ ಕೂತು, "ನಿನ್ನ ಹೆಸರೇನವ್ವಾ?" ಎಂದು ಕೇಳಿದಳು.

ಹುಡುಗಿ ಇನ್ನಷ್ಟು ಹಿಂದೆ ಸರಿದಳು.

ಕಲಾವತಿ ಮತ್ತೆ ಕೇಳಲಿಲ್ಲ. ಹೊಳೆವ್ವನ ಜೊತೆ ಜೋಳ ಹಸನು ಮಾಡಿದಳು, ರೊಟ್ಟಿ ಬಡಿದಳು, ಉಂಡಳು. ಬಿಸಿಲು ಇಳಿಯುವವರೆಗೂ ಅಲ್ಲೇ ಇದ್ದಳು. ಎದ್ದು ಚಪ್ಪಲಿ ಮೆಟ್ಟುವಾಗ ಚೀಲಗಳ ಹಿಂದಿನಿಂದ ಸಣ್ಣ ದನಿ ಬಂತು.

"ದುರ್ಗವ್ವ."

ಕಲಾವತಿ ಬಂದು ಅಜ್ಜಾರಿಗೆ ಆ ಹೆಸರು ಹೇಳಿದಳು.

ಅಜ್ಜಾರು ಅದನ್ನು ಒಮ್ಮೆ ತಾವೂ ಹೇಳಿ ನೋಡಿದರು. "ದುರ್ಗವ್ವ. ಆತು. ಈಗ ನಿನ್ನ ಸಂಸ್ಥೆ ಸುರು ಆತು."

ವಾರದಲ್ಲಿ ತಾಯಿ ಮಗಳು ಇಬ್ಬರೂ ಮಠಕ್ಕೆ ಬಂದರು. ಗಾಳಿ ಬೆಳಕು ಚೆನ್ನಾಗಿರುವ ಕೋಣೆ ಬೇಕಿತ್ತು. ಮಠದಲ್ಲಿ ಅಂಥದ್ದು ಇದ್ದದ್ದು ಒಂದೇ, ಅಜ್ಜಾರದು. ಕೇಳುವುದು ಹೇಗೆ ಎಂದು ಕಲಾವತಿ ಯೋಚಿಸುತ್ತಿದ್ದಳು. ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಜ್ಜಾರ ಚಾಪೆ, ಕಂಬಳಿ, ತಂಬಿಗೆ ಪಡಸಾಲೆಯ ಮೂಲೆಗೆ ಬಂದಿದ್ದವು. ಅಜ್ಜಾರು ಖಾಲಿ ಕೋಣೆಯ ನೆಲಕ್ಕೆ ನೀರು ಹಾಕಿ ಗುಡಿಸುತ್ತಿದ್ದರು.

ಒಬ್ಬಳಿಗಾಗಿ ಸುರುವಾದದ್ದು ಬೆಳೆಯಬೇಕಲ್ಲ. ಕಲಾವತಿ ಕರಪತ್ರ ಮಾಡಿಸಲು ಹೊರಟಳು. ಮೊಬೈಲಿನಲ್ಲಿ ದುರ್ಗವ್ವನ ಕುತ್ತಿಗೆಯ ಫೋಟೋ ತೆಗೆದು ಅಜ್ಜಾರಿಗೆ ತೋರಿಸಿದಳು.

"ಇದನ್ನ ಮ್ಯಾಲ ಹಾಕಸ್ತೀನ್ರಿ. ನೋಡಿದವರ ಕರುಳು ಚುರ್ರ್ ಅನ್ನಬೇಕು."

ಅಜ್ಜಾರು ಆ ಫೋಟೋ ನೋಡಿದರು. ಆಮೇಲೆ ತಮ್ಮ ಕಾವಿಯನ್ನು ಎಡಗಾಲಿನ ಮೊಣಕಾಲತನಕ ಎತ್ತಿದರು.

ಕಲಾವತಿ ಬೆಚ್ಚಿದಳು.

ಕಾಲು ಕಂಬದಂತೆ ಊದಿತ್ತು. ಚರ್ಮ ಕಪ್ಪಾಗಿ, ಒರಟಾಗಿ, ಗಂಟುಗಂಟಾಗಿತ್ತು. ಆನೆಕಾಲು ರೋಗ. ನಮಸ್ಕಾರಕ್ಕೆ ಬಂದವರಿಗೆ ಅಜ್ಜಾರು ಯಾವಾಗಲೂ ಬಲಗಾಲನ್ನಷ್ಟೇ ಮುಂದಿಡುತ್ತಿದ್ದರು. ನರ್ಸ್ ಆಗಿದ್ದವಳು, ಐದು ವರ್ಷದಿಂದ ಆ ಪಾದ ಮುಟ್ಟುತ್ತಿದ್ದವಳು, ಯಾಕೆಂದು ಒಮ್ಮೆಯೂ ಕೇಳಿರಲಿಲ್ಲ.

"ಇದರ ಫೋಟೋ ತಗಿ. ಕರಪತ್ರದ ಮ್ಯಾಲ ಇದನ್ನ ಹಾಕಸು."

"ಬ್ಯಾಡ್ರಿ ಅಜ್ಜಾರ!"

"ಯಾಕ?"

"ನಿಮ್ಮನ್ನ ಜನ ಹಿಂಗ ನೋಡಬಾರದ್ರಿ."

"ದುರ್ಗವ್ವನ ಮಾನ ನನ್ನ ಮಾನಕ್ಕಿಂತ ಸಣ್ಣದು ಅಂತ ನಿನಗ ಯಾರು ಹೇಳಿದ್ರು?"

ಕಲಾವತಿ ಅಲ್ಲಿಯೇ ಕೂತು ಆ ಫೋಟೋ ಅಳಿಸಿದಳು. ಆಮೇಲೆ ತಲೆ ಬಗ್ಗಿಸಿ ಅಜ್ಜಾರ ಎಡಪಾದ ಮುಟ್ಟಿದಳು. ಅಜ್ಜಾರು ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ.

ಕರಪತ್ರ ಅಚ್ಚಾಗಲಿಲ್ಲ.

ಆದರೆ ಕಷ್ಟ ಇದ್ದದ್ದು ಬೇರೆ ಕಡೆ. ಕೈ ಹಿಡಿದು ಬೆರಳು ಬಿಡಿಸಹೋದರೆ ದುರ್ಗವ್ವ ಚೀರುತ್ತಿದ್ದಳು, ಕಚ್ಚುತ್ತಿದ್ದಳು. ಪ್ರಾರ್ಥನೆಗೆ ಕರೆದರೆ ಬರುತ್ತಿರಲಿಲ್ಲ. ಎಲ್ಲರೂ ಕೈಮುಗಿದು ನಿಂತಾಗ ಅವಳು ಮುಷ್ಟಿಯನ್ನು ಲಂಗದೊಳಗೆ ಮುಚ್ಚಿಕೊಂಡು ಗೋಡೆ ಕಡೆ ತಿರುಗಿ ಕೂಡುತ್ತಿದ್ದಳು.

ಒಂದು ದಿನ ಅವಳು ಕೇಳಿಯೇ ಬಿಟ್ಟಳು.

"ಅಕ್ಕಾರ, ಕೊಪ್ಪರಿಗಿ ಸಿಡಿದಾಗ ನಿಮ್ಮ ದೇವರು ಎಲ್ಲಿದ್ದ?"

ಕಲಾವತಿ ಎಣ್ಣೆಯ ಬಟ್ಟಲು ಕೆಳಗಿಟ್ಟಳು. "ದೇವರು ತನಗ ಬೇಕಾದವರನ್ನ ಪರೀಕ್ಷಾ ಮಾಡ್ತಾನವ್ವಾ," ಎಂದಳು.

ದುರ್ಗವ್ವ ಎಡಗೈಯಲ್ಲಿ ಎಣ್ಣೆಯ ಬಟ್ಟಲು ಎತ್ತಿ ಗೋಡೆಗೆ ಒಗೆದಳು.

ಕಲಾವತಿ ಅಳುತ್ತಾ ಪಡಸಾಲೆಗೆ ಬಂದಳು. ಅಲ್ಲಿ ಭಕ್ತರು ತುಂಬಿದ್ದರು. ಅವಳ ಬೆನ್ನ ಹಿಂದೆಯೇ ದುರ್ಗವ್ವ ಬಂದು ನಿಂತಳು. ಅಷ್ಟು ಜನರ ಮುಂದೆ ಅವಳು ಬಂದದ್ದು ಅದೇ ಮೊದಲು. ಸಿಟ್ಟಿನಲ್ಲಿ ಅವಳಿಗೆ ನಾಚಿಕೆ ಮರೆತುಹೋಗಿತ್ತು.

"ಅಜ್ಜಾ, ನೀ ಹೇಳು. ದೇವರು ಎಲ್ಲಿದ್ದ?"

ಅಜ್ಜಾರು ಏನು ಹೇಳುತ್ತಾರೋ ಎಂದು ಎಲ್ಲರೂ ಕಾದರು. ನಲವತ್ತು ವರ್ಷ ಪ್ರವಚನ ಹೇಳಿದ ಬಾಯಿ ಅದು.

"ನನಗ ಗೊತ್ತಿಲ್ಲವ್ವಾ," ಎಂದರು ಅಜ್ಜಾರು.

ದುರ್ಗವ್ವ ಅವರನ್ನೇ ನೋಡಿದಳು.

"ಆ ದಿನ ನಾನೂ ಬರಲಿಲ್ಲ. ಇಲ್ಲೇ ಹೊಳಿ ಆಚಿಗೆ ನೀ ಎರಡು ವರ್ಷ ಚೀಲದ ಹಿಂದ ಕುಂತಿದ್ದಿ. ನಾ ಇಲ್ಲಿ ಗದ್ದಿಗಿ ಮ್ಯಾಲ ಕುಂತಿದ್ದೆ. ತಡಾ ಮಾಡಿದೆ. ತಪ್ಪಾತು."



ಅಜ್ಜಾರು ಭಕ್ತರೆಲ್ಲರ ಎದುರಿಗೇ ಕಾವಿ ಎತ್ತಿ ಊದಿದ ಕಾಲನ್ನು ಮುಂದೆ ಚಾಚಿದರು.

"ಇದನ್ನ ದಿನಾ ಇಪ್ಪತ್ತು ಸಲ ಮ್ಯಾಲೆತ್ತು ಅಂತ ಡಾಕ್ಟರು ಹೇಳ್ಯಾರ. ನೋಯ್ತೈತಿ ಅಂತ ನಾನೂ ತಪ್ಪಿಸಿಕೋತೀನಿ. ಒಂದು ಸಲ ನೀ ಬೆರಳು ಬಿಡಸು, ಒಂದು ಸಲ ನಾ ಕಾಲು ಎತ್ತತೀನಿ. ಯಾರು ಮೊದಲು ಸೋಲ್ತಾರ ನೋಡೂಣು."

ಅವತ್ತು ಮೂರಕ್ಕೆ ಇಬ್ಬರೂ ಸೋತರು. ಮರುದಿನ ಐದಕ್ಕೆ. ಹದಿನೈದು ದಿನದಲ್ಲಿ ದುರ್ಗವ್ವ ಇಪ್ಪತ್ತು ಮುಟ್ಟಿದಳು. ಅಜ್ಜಾರು ಹದಿನಾಲ್ಕಕ್ಕೇ ಮುಖ ಕಿವುಚಿದರು.

"ಕಳ್ಳಾಟ ಬ್ಯಾಡ ಅಜ್ಜಾ, ಇನ್ನೂ ಆರು ಅದಾವ," ಎಂದಳು ದುರ್ಗವ್ವ. ಅವಳು ನಕ್ಕದ್ದನ್ನು ಹೊಳೆವ್ವ ಎರಡು ವರ್ಷದ ಮೇಲೆ ನೋಡಿದಳು.

ಆ ಸಂಜೆ ಕಲಾವತಿ ಅಜ್ಜಾರ ಹತ್ತಿರ ಕೂತಳು.

"ನಾ ಹೇಳಿದ್ದು ತಪ್ಪೇನ್ರಿ ಅಜ್ಜಾರ? ದೇವರ ಹೆಸರಿನ್ಯಾಗ ಮಾಡೋ ಕೆಲಸ. ದೇವರ ಮಾತು ಹೇಳಬಾರದೇನ್ರಿ?"

"ಬಿಗದ ಚರ್ಮಕ್ಕ ಮೊದಲು ಏನು ಹಚ್ಚತೀ?"

"ಎಣ್ಣಿ ಹಚ್ಚತೀನ್ರಿ."

"ಹಚ್ಚು. ದೇವರ ಮಾತು, ಸಿಟ್ಟು ಇಳದ ಮ್ಯಾಲೆ ಅಕಿ ತಾನಾಗೇ ಕೇಳಿದಾಗ."

ಕಲಾವತಿ ನೋಟ್‌ಬುಕ್ ತೆಗೆದು ಪ್ರಾರ್ಥನೆಯ ನಿಯಮದ ಮೇಲೆ ಗೀಟು ಹಾಕಿದಳು. ತಾನು ಮಾತ್ರ ದಿನವೂ ಎಣ್ಣೆ ಬಟ್ಟಲು ಹಿಡಿಯುವ ಮುಂಚೆ ಒಂದು ನಿಮಿಷ ಕಣ್ಣುಮುಚ್ಚಿ ಕೂಡುತ್ತಿದ್ದಳು. ಕೆಲವು ತಿಂಗಳಾದ ಮೇಲೆ ದುರ್ಗವ್ವ ಬಂದು ಪಕ್ಕದಲ್ಲಿ ಕೂತು, "ಒಳಗೊಳಗ ಏನಂತೀರಿ ಅಕ್ಕಾರ?" ಎಂದು ಕೇಳಿದಳು.

ಕಲಾವತಿ ಹೇಳಿಕೊಟ್ಟಳು.

ಚಳಿಗಾಲದಲ್ಲಿ ದೊಡ್ಡ ಊರಿನ ಡಾಕ್ಟರು ದುರ್ಗವ್ವನ ಕುತ್ತಿಗೆಗೆ ಆಪರೇಷನ್ ಮಾಡಿದರು. ಗದ್ದ ಭುಜದಿಂದ ಬಿಡಿಸಿಕೊಂಡಿತು. ಕೈಯ ಮೂರು ಬೆರಳು ನೆಟ್ಟಗಾದವು. ಎರಡು ಆಗಲಿಲ್ಲ. ಆ ಮೂರರಲ್ಲೇ ಅವಳು ಸೀಸದಕಡ್ಡಿ ಹಿಡಿದಳು, ರೊಟ್ಟಿ ಮುರಿದಳು, ಶಾಲೆಗೂ ಹೋದಳು.

ಕರಪತ್ರವಿಲ್ಲದೆಯೇ ಸುದ್ದಿ ಹೋಗಿತ್ತು. ಬಿಸಿನೀರು ಬಿದ್ದ ಮಗು, ಕರೆಂಟು ಹೊಡೆದ ಮಗು, ಒಲೆಗೆ ಬಿದ್ದ ಮಗು, ಹೀಗೆ ಆರು ಮಕ್ಕಳು ತಾಯಂದಿರ ಜೊತೆ ಬಂದರು. ಒಂದು ಕೋಣೆ ಸಾಲದಾಯಿತು. ಸುತ್ತಲಿನ ಊರವರು ತಾವೇ ಕಲ್ಲು ಹೊತ್ತು ಮಠದ ಬಗಲಿಗೆ ದೊಡ್ಡದೊಂದು ಮನೆ ಕಟ್ಟಿದರು. ಕಲಾವತಿ ಎಲ್ಲಾ ಮಕ್ಕಳ ಹೆಸರನ್ನೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು.

ಮನೆಯ ಪ್ರಾರಂಭಕ್ಕೆ ಮುಹೂರ್ತ ಇಟ್ಟರು. ಬೆಳಿಗ್ಗೆ ಹತ್ತೂವರೆ. ಬಾಗಿಲಿಗೆ ಹೂವಿನ ಸರ ಕಟ್ಟಿದರು. ಪೆಂಡಾಲು ತುಂಬಿತು. ಅಜ್ಜಾರು ಸರ ಬಿಚ್ಚಿ ಒಳಗೆ ಕಾಲಿಡುವುದೆಂದು ಗೊತ್ತಾಗಿತ್ತು.

ಹತ್ತೂಕಾಲಕ್ಕೆ ಪೆಂಡಾಲಿನ ಹೊರಗೆ ಒಂದು ಆಟೋ ನಿಂತಿತು. ಒಬ್ಬ ಹೆಂಗಸು ಮಗುವನ್ನು ಎದೆಗೆ ಅವಚಿಕೊಂಡು ಇಳಿದಳು. ಐದು ವರ್ಷದ ಹೆಣ್ಣುಮಗು. ಹಿಂದಿನ ದಿನವಷ್ಟೇ ಆಸ್ಪತ್ರೆಯಿಂದ ಬಿಟ್ಟಿದ್ದರು. ಅಷ್ಟು ಜನರನ್ನು ಕಂಡು ಮಗು ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿ ಚೀರತೊಡಗಿತು.

ಕಲಾವತಿ ವೇದಿಕೆಯಿಂದ ಎದ್ದು ಓಡಿದಳು. ಮಾತಾಡಿಸಿದಳು, ಕೈ ಚಾಚಿದಳು. ಮಗು ಯಾರನ್ನೂ ಹತ್ತಿರ ಸೇರಿಸಲಿಲ್ಲ. ತಾಯಿ ವಾಪಸು ಆಟೋ ಕಡೆ ತಿರುಗಿದಳು.

"ಬ್ಯಾಡ್ರಿ ಅಕ್ಕಾರ, ಮನಿಗೇ ಹೋಗ್ತೀವಿ. ಇದು ಹೆದರೇತಿ."

ಆಗ ದುರ್ಗವ್ವ ಮಕ್ಕಳ ಸಾಲಿನಿಂದ ಎದ್ದು ಬಂದಳು. ಹಬ್ಬದ ದಿನವೆಂದು ತಾಯಿ ಅವಳಿಗೆ ಕುತ್ತಿಗೆ ಮುಚ್ಚುವ ಹಾಗೆ ಹೊಸ ಓಢಣಿ ಹೊದಿಸಿದ್ದಳು. ಅಷ್ಟು ಜನರ ನಡುವೆ ಅವಳು ಆ ಓಢಣಿ ತೆಗೆದು ಹೆಗಲ ಮೇಲೆ ಹಾಕಿಕೊಂಡಳು. ಆಟೋದ ಹತ್ತಿರ ಹೋಗಿ ಮಂಡಿಯೂರಿ ಕೂತಳು.

"ಏ ತಂಗಿ, ಇಲ್ಲಿ ನೋಡು. ನನಗೂ ಆಗೇತಿ. ಮುಟ್ಟಿ ನೋಡು, ಈಗ ನೋಯೂದಿಲ್ಲ."

ಚೀರಾಟ ನಿಂತಿತು. ಸೆರಗಿನಿಂದ ಒಂದು ಕಣ್ಣು ಹೊರಗೆ ಬಂತು. ಆಮೇಲೆ ಬ್ಯಾಂಡೇಜು ಸುತ್ತಿದ ಸಣ್ಣ ಕೈ ಬಂತು, ದುರ್ಗವ್ವನ ಕುತ್ತಿಗೆ ಮುಟ್ಟಿತು.

"ನಿನ್ನ ಹೆಸರೇನು?"

ಮಗು ಅವಳ ಕಿವಿಯಲ್ಲಿ ಹೇಳಿತು.

ದುರ್ಗವ್ವ ಮಗುವನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. ಮೂರು ಬೆರಳು ಸಾಕಾದವು. ಪೆಂಡಾಲಿನ ನಡುವೆ ನೆಟ್ಟಗೆ ನಡೆದಳು. ಬಾಗಿಲಿಗೆ ಕಟ್ಟಿದ ಹೂವಿನ ಸರ ಅವಳ ಲಕ್ಷ್ಯಕ್ಕೇ ಬರಲಿಲ್ಲ. ಎದೆಗೆ ತಾಗಿ ಅದು ಹರಿದು ಬಿತ್ತು. ಇಬ್ಬರೂ ಒಳಗೆ ಹೋದರು. ಹಿಂದಿನಿಂದ ತಾಯಿ ಹೋದಳು.

ಯಾರೂ ತಡೆಯಲಿಲ್ಲ.

ಕಲಾವತಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಅಜ್ಜಾರ ಹತ್ತಿರ ಬಂದಳು. ಅಷ್ಟರಲ್ಲಿ ಸಮಿತಿಯವರೊಬ್ಬರು ಗಡಿಯಾರ ತೋರಿಸಿದರು. ಹತ್ತೂವರೆ ದಾಟಿ ಹತ್ತು ನಿಮಿಷವಾಗಿತ್ತು.

"ಅಜ್ಜಾರ, ಮುಹೂರ್ತ ಮೀರಿ ಹೋತ್ರಿ. ಸರಾನೂ ಹರೀತು. ಪ್ರಾರಂಭ ಹ್ಯಾಂಗ ಮಾಡೂದು?" ಎಂದಳು ಕಲಾವತಿ.

ಗುರುಪಾದಜ್ಜ ಕೋಲು ಊರಿ ನಿಧಾನಕ್ಕೆ ಎದ್ದರು.

"ಬಾಗಲಾ ತೆರೆಯಾಕಿ ತೆರದು ಒಳಗ ಹೋದಳವ್ವಾ. ಇನ್ನೂ ಹೊರಗ ಉಳದವರು ನಾವು. ನಡಿ, ಕರಕೋತಾಳೇನು ಕೇಳೂಣು."