ಬೆಲ್ಲವಿಲ್ಲದ ಕಷಾಯ

"ಗುರುಗಳೇ, ನೈವೇದ್ಯಕ್ಕೆ ಮಾಡಿದ್ದನ್ನು ನಾವು ರುಚಿ ನೋಡುವ ಹಾಗಿಲ್ಲ. ದೇವರಂತೂ ರುಚಿ ನೋಡುವುದೇ ಇಲ್ಲ. ಇಟ್ಟದ್ದು ಇಟ್ಟ ಹಾಗೇ ಹಿಂದಕ್ಕೆ ಬರುತ್ತದೆ. ಅಂದ ಮೇಲೆ ಅದು ಹದವಾಗಿದ್ದರೇನು, ಇಲ್ಲದಿದ್ದರೇನು?"

ಮಠದ ಅಡುಗೆ ನೋಡಿಕೊಳ್ಳುತ್ತಿದ್ದ ವಾಮನ ಎಂಬ ಶಿಷ್ಯ ಹೀಗೆ ಕೇಳಿದ. ಮಧ್ಯಾಹ್ನದ ಪೂಜೆ ಆಗಷ್ಟೇ ಮುಗಿದಿತ್ತು. ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ನಾಲಿಗೆಗೆ ಸುತ್ತಲಿನ ಆಲೆಮನೆಯವರೆಲ್ಲ ಹೆದರುತ್ತಿದ್ದರು. ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಂಡರೆ ಸಾಕು, ಇದು ಕರಿಮಣ್ಣಿನ ಕಬ್ಬು, ಇದು ಹೊಳೆದಂಡೆಯದು, ಇದಕ್ಕೆ ಸುಣ್ಣ ಹೆಚ್ಚಾಗಿದೆ ಎಂದು ಹೇಳಿಬಿಡುತ್ತಿದ್ದ. ಮದುವೆ ಮನೆಯವರು ಸಾರು ಕುದಿಯುವ ಹೊತ್ತಿಗೆ ಬಂದು ಅವನನ್ನು ಕೈಹಿಡಿದು ಕರೆದೊಯ್ಯುತ್ತಿದ್ದರು. ಅವನು ಹೂಂ ಅಂದ ಮೇಲೆಯೇ ಎಲೆ ಹಾಕುವುದು. ಅಂಥ ನಾಲಿಗೆ ನೂರು ವರ್ಷಕ್ಕೊಂದು ಹುಟ್ಟುತ್ತದೋ ಏನೋ.

ಅವನ ಹೆಂಡತಿ ತೀರಿಕೊಂಡ ಮೇಲೆ ಆ ಮನೆಗೆ ಸೊಸೆ ಬಂದಳು. ಬಂದ ಹೊಸದರಲ್ಲಿ ಅವಳ ಅಡುಗೆ ಅಷ್ಟಕ್ಕಷ್ಟೇ. ಮಾವ ಮುಖ ಸಿಂಡರಿಸಲಿಲ್ಲ, ಬೈಯಲೂ ಇಲ್ಲ. ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತು ಒಂದೊಂದನ್ನೇ ಹೇಳಿಕೊಟ್ಟ. ಸಂಜೆಗೆ ಕೊತ್ತಂಬರಿ ಕಷಾಯ. ರಾತ್ರಿಗೆ ಜೋಳದ ರೊಟ್ಟಿ, ಒಂದು ಪಲ್ಯ, ಮಜ್ಜಿಗೆ. ಆ ಮನೆಯ ಬಾಯಿರುಚಿ ಇಷ್ಟೇ. ಆದರೆ ಕೊತ್ತಂಬರಿಯನ್ನು ಸಣ್ಣ ಉರಿಯಲ್ಲೇ ಹುರಿಯಬೇಕು, ಆಗಿಂದಾಗಲೇ ಕುಟ್ಟಬೇಕು, ಹಾಲು ಕೊನೆಗೆ ಹಾಕಬೇಕು, ರೊಟ್ಟಿ ತಟ್ಟುವಾಗ ಅವಸರ ಕೂಡದು. ಇದನ್ನೆಲ್ಲ ಅವಳು ಕಲಿತಳು. ಕಲಿತಳು ಅಂದರೆ ಅದೆಂಥ ಕಲಿಕೆ! ಅವಳ ರೊಟ್ಟಿ ಹಂಚಿನ ಮೇಲೆ ಉಬ್ಬಿ ನಿಂತರೆ ನೋಡಲು ಎರಡು ಕಣ್ಣು ಸಾಲದು.

ಒಂದು ಸಂಜೆ ಮಾವ ಕಷಾಯವನ್ನು ಗುಟುಕು ಗುಟುಕಾಗಿ ಕುಡಿದು, ಲೋಟ ಕೆಳಗಿಟ್ಟು, "ಹದಾ ಬಂತು ನೋಡವಾ" ಎಂದ. ಅವತ್ತಿನಿಂದ ದಿನವೂ ಆ ಮಾತು ಬರುತ್ತಿತ್ತು. ಊರೆಲ್ಲ ಹೆದರುವ ನಾಲಿಗೆ ತನ್ನ ಕೈಯನ್ನು ಮೆಚ್ಚಿದೆ ಎಂದು ಸೊಸೆ ಒಳಗೊಳಗೇ ಹಿಗ್ಗುತ್ತಿದ್ದಳು. ಒಡವೆ ಬೇಡ, ಸೀರೆ ಬೇಡ, ಆ ಒಂದು ಮಾತಿದ್ದರೆ ಅವಳಿಗೆ ದಿನ ತುಂಬಿದಂತೆ.

ಒಂದು ಮಳೆಗಾಲದಲ್ಲಿ ಮಾವ ಜ್ವರ ಬಂದು ಹಾಸಿಗೆ ಹಿಡಿದ. ಎದ್ದ ಮೇಲೆ, ಕಾಲಿನಲ್ಲಿ ಶಕ್ತಿ ಉಳಿದಿಲ್ಲ ಎಂದು ಹೇಳಿ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ. ಮದುವೆ ಮನೆಗಳಿಗೆ ಹೋಗುವುದನ್ನೂ ನಿಲ್ಲಿಸಿದ. ದಿನವಿಡೀ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿರುತ್ತಿದ್ದ. ಸಂಜೆಯ ಕಷಾಯ ಮಾತ್ರ ನಿಲ್ಲಲಿಲ್ಲ, ಕುಡಿದ ಮೇಲಿನ ಮಾತೂ ನಿಲ್ಲಲಿಲ್ಲ.

ಒಂದು ದಿನ ಸೊಸೆ ಕಷಾಯಕ್ಕೆ ಎಲ್ಲವನ್ನೂ ಹಾಕಿ ಬೆಲ್ಲವನ್ನೇ ಮರೆತಳು. ಹಿತ್ತಲಲ್ಲಿ ಕರು ಹಗ್ಗ ಬಿಚ್ಚಿಕೊಂಡು ಓಡಿತ್ತು. ಅದನ್ನು ಹಿಡಿದು ಕಟ್ಟಿ ಬರುವಷ್ಟರಲ್ಲಿ ಗಮನ ತಪ್ಪಿತ್ತು. ಮಾವ ಪೂರ್ತಿ ಕುಡಿದು, ಎಂದಿನಂತೆ "ಹದಾ ಬಂತು ನೋಡವಾ" ಎಂದ. ಅವಳು ಒಳಗೆ ಬಂದು ತನ್ನ ಪಾಲಿನದನ್ನು ಬಾಯಿಗಿಟ್ಟಳು. ಬೆಲ್ಲದ ವ್ಯಾಪಾರಿಯ ಮನೆಯಲ್ಲಿ ಬೆಲ್ಲದ ಸುಳಿವೇ ಇಲ್ಲದ ಕಷಾಯ! ಅವಳಿಗೆ ಎಲ್ಲವೂ ತಿಳಿಯಿತು. ಜ್ವರ ಬಿಟ್ಟು ಹೋಗುವಾಗ ಆ ನಾಲಿಗೆಯ ರುಚಿಯನ್ನೂ ಕೊಂಡೊಯ್ದಿತ್ತು. ಮಾವ ಅಂಗಡಿ ಬಿಟ್ಟದ್ದು ಕಾಲಿನ ಕಾರಣಕ್ಕಲ್ಲ.

ಅವಳಿಗೆ ಮಾವನ ಮೇಲೆ ಅಯ್ಯೋ ಅನ್ನಿಸಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಹಾಗಾದರೆ ಜ್ವರದ ನಂತರ ದಿನವೂ ಕೇಳಿದ ಆ ಮಾತು ಬರಿಯ ಬಾಯುಪಚಾರವೇ? ತಾನು ಹಿಗ್ಗಿದ್ದೆಲ್ಲ ಸುಳ್ಳಿಗೇ? ಇಷ್ಟು ದಿನ ಯಾರಿಗಾಗಿ ಹೊಗೆಯಲ್ಲಿ ಕಣ್ಣು ಕೆಡಿಸಿಕೊಂಡೆ ಎಂದು ಅವಳು ಒಲೆಯ ಮುಂದೆ ಕೂತು ಅತ್ತಳು.

ಮರುದಿನದಿಂದ ಅವಳ ಕೈ ಸಡಿಲವಾಯಿತು. ಬಹಳ ದಿನಕ್ಕಾಗುವಷ್ಟು ಕೊತ್ತಂಬರಿಯನ್ನು ನೆರೆಮನೆಯವರ ಪುಡಿಯ ಜೊತೆಗೇ ಕುಟ್ಟಿಸಿ ತಂದು ಡಬ್ಬಿಗೆ ತುಂಬಿದಳು. ಬೆಳಗಿನ ರೊಟ್ಟಿಯನ್ನೇ ರಾತ್ರಿಗೂ ಬಡಿಸಿದಳು. ಬೆಲ್ಲವನ್ನು ಮಾತ್ರ ಮರೆಯದೆ ಹಾಕಿದಳು. ಅಂಗಡಿಯಿಂದ ಹಸಿದು ಬಂದ ಗಂಡ ಏನೂ ಅನ್ನದೆ ಉಂಡ. ಮಾವನೂ ಉಂಡ, ಕಷಾಯ ಕುಡಿದ. ಆದರೆ ಲೋಟ ಕೆಳಗಿಟ್ಟವನು ಸುಮ್ಮನಿದ್ದ. ಮಾರನೆಯ ದಿನವೂ ಸುಮ್ಮನಿದ್ದ, ಆಮೇಲೂ ಅಷ್ಟೇ. ಸೊಸೆಗೆ ತಲೆ ಕೆಟ್ಟುಹೋಯಿತು. ಬೆಲ್ಲವಿಲ್ಲದ್ದನ್ನು ಮೆಚ್ಚಿದ ಮನುಷ್ಯ ಬೆಲ್ಲ ಹಾಕಿದ್ದನ್ನು ಮೆಚ್ಚುತ್ತಿಲ್ಲ. ರುಚಿಯೇ ತಿಳಿಯದವನಿಗೆ ಹೆಚ್ಚುಕಡಿಮೆ ಹೇಗೆ ತಿಳಿಯಿತು?

ತಡೆಯಲಾರದೆ ಅವಳು ಮಾವನೆದುರು ಕೂತು ಕೇಳಿಯೇಬಿಟ್ಟಳು. "ಮಾವಾರ, ನಿಮಗ ರುಚಿ ತಿಳಿಯೂದಿಲ್ಲ ಅಂತ ನನಗ ಗೊತ್ತಾಗೇತಿ. ಅವತ್ತ ಬೆಲ್ಲಾ ಇಲ್ಲದ್ದು ಕುಡದು ಹದಾ ಬಂತು ಅಂದ್ರಿ. ಈಗ ಬೆಲ್ಲಾ ಹಾಕಿ ಕೊಟ್ರೂ ಯಾಕ ಸುಮ್ಮನ ಇರ್ತೀರಿ?"

ಮುದುಕ ಮೊದಲು ಬೆಚ್ಚಿದ, ಆಮೇಲೆ ನಕ್ಕ. "ಅವತ್ತ ಬೆಲ್ಲಾ ಹಾಕಿರಲಿಲ್ಲೇನು? ಬೆಲ್ಲಾ ನೀರಿಗೆ ಬಿದ್ರ ಸದ್ದು ಮಾಡೂದಿಲ್ಲ ನೋಡವಾ, ಅದಕ್ಕ ಅದೊಂದು ನನಗ ತಿಳೀಲಿಲ್ಲ. ಉಳಿದದ್ದೆಲ್ಲಾ ನಾ ಇಲ್ಲೇ ಕುಂತು ಕೇಳ್ತೀನಿ. ಕೊತ್ತಂಬರಿ ಹುರಿಯೂ ಮುಂದ ನಿನ್ನ ಕೈ ನಿಲ್ಲೂದಿಲ್ಲ. ಕುಟ್ಟತಿ, ನಿಲ್ಲಸ್ತಿ, ಮೂಸಿ ನೋಡ್ತಿ, ಮತ್ತ ಕುಟ್ಟತಿ. ರೊಟ್ಟಿ ತಟ್ಟೂ ಮೊದಲ ಕೈಯಾನ ಬಳಿ ಮ್ಯಾಲೆ ಸರಸ್ತಿ. ನಾಲಿಗಿ ಹೋದ ಮ್ಯಾಲೆ ನಾ ಉಣ್ಣೂದು ಅದನ್ನವಾ. ರುಚಿ ಹೋಗೇತಿ ಅಂತ ಹೇಳಿದ್ರ ನೀ ಅದನ್ನೂ ಬಿಟ್ಟಬಿಡ್ತಿ ಅಂತ ಅಂಜಿದ್ನಿ. ಹಂಗ ಆತು. ಈಗ ದಿನಾ ನಾ ಉಪಾಸ ಮಲಗಾಕತ್ತೀನಿ."

ಸೊಸೆಗೆ ಕಣ್ಣು ತುಂಬಿ ಬಂತು. ಊರಿನ ಯಾವ ಮದುವೆ ಮನೆಯ ಅಡುಗೆಯನ್ನೂ ಯಾರೂ ಇಷ್ಟು ಮನಸ್ಸಿಟ್ಟು ಉಂಡಿರಲಿಕ್ಕಿಲ್ಲ. ಆ ಮಾತು ಒಂದು ದಿನವೂ ಸುಳ್ಳಾಗಿರಲಿಲ್ಲ. ಅವಳು ಎದ್ದು ಒಳಗೆ ಹೋಗಿ ಡಬ್ಬಿಯ ಪುಡಿಯನ್ನು ಆಚೆಗೆ ಸುರಿದಳು. ಒಲೆ ಹೊತ್ತಿಸಿ, ಸಣ್ಣ ಉರಿಯಿಟ್ಟು, ಕೊತ್ತಂಬರಿ ಹುರಿಯಲು ಕೂತಳು. ಆಮೇಲೆ ಒರಳಿಗೆ ಹಾಕಿ ಕುಟ್ಟಿದಳು. ನಿಲ್ಲಿಸಿ ಮೂಸಿ ನೋಡಿದಳು, ಮತ್ತೆ ಕುಟ್ಟಿದಳು. ಪಡಸಾಲೆಯಲ್ಲಿ ಮುದುಕ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ನೀರಿನ್ನೂ ಒಲೆಯ ಮೇಲೆ ಕುದಿಯುತ್ತಿರುವಾಗಲೇ ಹೊರಗಿನಿಂದ ಕೇಳಿಬಂತು, "ಹದಾ ಬಂತು ನೋಡವಾ."

ಕತೆ ಮುಗಿಯಿತು. ವಾಮನ ಮೆಚ್ಚಿ ತಲೆದೂಗಿದ. ಎಂಥ ಮಾವ, ಎಂಥ ಸೊಸೆ ಎಂದು ಬಾಯ್ತುಂಬ ಹೊಗಳಿದ. ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು:

"ವಾಮನ, ಇವತ್ತು ನೀನು ನೈವೇದ್ಯದ ಪಾನಕಕ್ಕೆ ಏಲಕ್ಕಿ ಕುಟ್ಟಿದ ಸದ್ದು ನನಗಂತೂ ಕೇಳಲಿಲ್ಲ."