ತಟ್ಟೆಯ ಹಿಂಬದಿಯ ಹಾಡು

ನಾದಕ್ಕೆ ಒಡೆಯನಾದ ಸ್ವಾಮಿಗೆ ಕೈಮುಗಿದು ಹೇಳುತ್ತೇನೆ. ಒಂದು ರಾಕ್ ತಂಡದವರು ತಮ್ಮ ಬಿಡಿಹಾಡುಗಳನ್ನೆಲ್ಲ ಒಂದೇ ಆಲ್ಬಮ್ಮಿಗೆ ಸೇರಿಸಹೊರಟರು. ಮೂಲ ಟೇಪು ಬೂಷ್ಟು ಹಿಡಿದಿತ್ತು. ಬದಿಗೊಂದು ಹಾಡಿದ್ದ ಹಳೆಯ ರೆಕಾರ್ಡು ತಟ್ಟೆಯಿಂದಲೇ ನಕಲು ಮಾಡಬೇಕಾಯಿತು.

“ಅಣ್ಣಾ, ಈ ಸಲವಾದರೂ ನನ್ನನ್ನು ಕೇಳುತ್ತಾರಾ?” ಎಂದಿತು ಯಾರೂ ಹಾಕದ ಹಿಂಬದಿಯ ಹಾಡು.

ಊರನ್ನೆಲ್ಲ ಕುಣಿಸಿದ್ದ ಮುಂಬದಿಯ ಹಾಡು ನಕ್ಕಿತು. “ತಟ್ಟೆಗೊಂದು ಬೆನ್ನು ಬೇಕಲ್ಲ ಅಂತ ನಿನ್ನನ್ನು ಇಟ್ಟಿದ್ದಾರೆ, ತಮ್ಮಾ. ಆಲ್ಬಮ್ಮಿಗೆ ಮೊದಲ ಹಾಡು ನಾನೇ!”

ತಟ್ಟೆಯ ಮೇಲೆ ಪ್ಲೇಯರಿನ ಮುಳ್ಳು ಇಳಿಯಿತು. ಹಾಡಿಹಾಡಿ ಸವೆದಿದ್ದ ಮುಂಬದಿ ತನ್ನ ಮೊದಲ ಪದದಲ್ಲೇ ಸಿಕ್ಕಿಕೊಂಡಿತು: “ನಾನೇ... ನಾನೇ... ನಾನೇ...”

“ಸಾಕು, ತಿರುಗಿಸ್ರೋ ಅದನ್ನ!” ಎಂದ ಡ್ರಮ್ಮು ಬಾರಿಸುವ ಸುಧನ್ವ.

ಗೀರೇ ಬೀಳದ ಹಿಂಬದಿ ಈಗಷ್ಟೇ ಹುಟ್ಟಿದಂತೆ ಹಾಡಿತು. ಆಲ್ಬಮ್ಮಿನಲ್ಲಿ ಅದೇ ಮೊದಲಾಯಿತು.

“ಸುಧಾರಿಸಿಕೊಳ್ಳಿ ಅಣ್ಣಾ,” ಎಂದಿತು ಅದು. “ಅಲ್ಲಿಯವರೆಗೆ ನಾನು ಹಾಡುತ್ತಿರುತ್ತೇನೆ.”

ಕೇಳಿದ ನಿಮ್ಮೆಲ್ಲರ ಎರಡೂ ಬದಿಯನ್ನು ಸ್ವಾಮಿ ಆಲಿಸಲಿ, ತಣ್ಣಗಿಟ್ಟಿರಲಿ.